ಮಲೇರಿಯಾ ತಡೆದ ರಕ್ತಕ್ಕೆ ಕಳಂಕವೇಕೆ?

ಮಲೇರಿಯಾ ಪರಾವಲಂಬಿಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವುದು ಪ್ಲಾಸ್ಮೋಡಿಯಂ ಫಾಲ್ಸಿಪಾರಂ. ಅದು ನಮ್ಮ ಕೆಂಪು ರಕ್ತಕಣದೊಳಗೆ ಹೊಕ್ಕು, ಅಲ್ಲಿನ ಹಿಮೋಗ್ಲೋಬಿನ್ ತಿಂದು ಬೆಳೆದು, ಸುಮಾರು 48 ಗಂಟೆಗಳಲ್ಲಿ ಹತ್ತಾರು ಮರಿಗಳೊಡನೆ ಕಣವನ್ನು ಒಡೆದು ಹೊರಬರುತ್ತದೆ. ಬಲಿತ ಪರಾವಲಂಬಿಯಿರುವ ಕಣಗಳು ಕಿರಿದಾದ ರಕ್ತನಾಳಗಳ ಗೋಡೆಗೆ ಅಂಟಿಕೊಂಡು, ಗುಲ್ಮದ ಕೈಗೆ ಸಿಗದಂತೆ ಉಳಿಯುತ್ತವೆ. ಮಿದುಳಿನ ನಾಳಗಳಲ್ಲಿ ಹೀಗಾದಾಗ ಜ್ವರ ಪ್ರಾಣಾಂತಿಕವಾಗಬಹುದು. ಕುಡಗೋಲು ಕಣದ (ಸಿಕಲ್ ಸೆಲ್) ಕಾಯಿಲೆಯ ವಂಶವಾಹಿಯನ್ನು ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಪಡೆದ ವಾಹಕರಲ್ಲಿ ಈ ಆಟ ಅಷ್ಟಾಗಿ ನಡೆಯುವುದಿಲ್ಲ. ಆಮ್ಲಜನಕ ಕಡಿಮೆಯಿರುವ ಆ ನಾಳಗಳಲ್ಲಿ ಅವರ ಮಾರ್ಪಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪರಾವಲಂಬಿಯ ಬೆಳವಣಿಗೆಯೇ ಕುಂಠಿತಗೊಳ್ಳುತ್ತದೆ. ಕಣದ ಅಂಟುವ ಶಕ್ತಿಯೂ ಕುಗ್ಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ನಡೆಸಿದ ಆಂಥನಿ ಆಲಿಸನ್ 1954ರಲ್ಲೇ ಈ ರಕ್ಷಣೆಯನ್ನು ತೋರಿಸಿದರು. ವಾಹಕ ಮಕ್ಕಳಿಗೆ ತೀವ್ರ ಮಲೇರಿಯಾದಿಂದ ಸಿಗುವ ರಕ್ಷಣೆ ಸುಮಾರು ಶೇಕಡಾ 90 ಎಂದು ಮುಂದಿನ ಅಧ್ಯಯನಗಳು ಕಂಡುಕೊಂಡಿವೆ.

ಭಾರತದಲ್ಲಿ ಈ ವಂಶವಾಹಿ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸಮುದಾಯಗಳಲ್ಲೂ ಅದಿದೆ. ಅದನ್ನು ಮನೆತನದ ದೋಷವೆಂದೋ, ಯಾವುದೋ ಜಾತಿಯ ರಕ್ತದ ಕೊರತೆಯೆಂದೋ ನೋಡುವುದು ವಿಜ್ಞಾನಕ್ಕೂ ನ್ಯಾಯಕ್ಕೂ ದೂರ. ಮಲೇರಿಯಾ ತಲೆತಲಾಂತರದಿಂದ ಮಕ್ಕಳನ್ನು ಕೊಂದ ನೆಲಗಳಲ್ಲಿ ವಾಹಕ ಮಕ್ಕಳು ಬದುಕುಳಿದರು, ಅವರ ಮಕ್ಕಳಿಗೂ ಆ ವಂಶವಾಹಿ ಇಳಿದುಬಂತು, ಅಷ್ಟೇ.

ಹಾಗಾದರೆ 2023ರಲ್ಲಿ ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ ನಿರ್ಮೂಲನಾ ಅಭಿಯಾನದ ತಪಾಸಣೆ ಏಕೆ ಬೇಕು ಎಂದು ಕೇಳಬಹುದು. ಬೇಕು, ಖಂಡಿತ ಬೇಕು. ರಕ್ಷಣೆ ವಾಹಕರಿಗೆ ಸೀಮಿತ. ಇಬ್ಬರಿಂದಲೂ ವಂಶವಾಹಿ ಬಂದ ಮಗು ತೀವ್ರ ನೋವು, ರಕ್ತಹೀನತೆ, ಸೋಂಕುಗಳಿಂದ ನರಳುತ್ತದೆ. ಅಂಥ ಮಗುವಿಗೆ ಮಲೇರಿಯಾ ಬಂದರೆ ಸಾವಿನ ಅಪಾಯ ಇನ್ನೂ ಹೆಚ್ಚು. ವಾಹಕರೂ ಸೊಳ್ಳೆಪರದೆ, ಔಷಧಗಳನ್ನು ಬಿಡುವಂತಿಲ್ಲ, ಏಕೆಂದರೆ ಅವರಿಗೂ ಸೋಂಕು ತಗಲುತ್ತದೆ. ಆದರೆ ತಪಾಸಣೆಯಲ್ಲಿ ಕೊಡುವ ಕಾರ್ಡು ಮದುವೆಗೆ ಅಡ್ಡಿಯ ಚೀಟಿಯಾಗಕೂಡದು. ವಾಹಕರಿಗೂ ಹಿಮೋಗ್ಲೋಬಿನ್ ವಂಶವಾಹಿಗಳು ಸಹಜವಾಗಿರುವವರಿಗೂ ಹುಟ್ಟುವ ಮಗುವಿಗೆ ಈ ಕಾಯಿಲೆ ಬರುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿ ನಾಲ್ಕರಲ್ಲೊಂದು ಸಾಧ್ಯತೆ. ಈ ಲೆಕ್ಕವನ್ನು ಹೆಣ್ಣಿಗಷ್ಟೇ ಅಲ್ಲ, ಗಂಡಿಗೂ ಅವರ ಮಾತಿನಲ್ಲೇ ವಿವರಿಸಬೇಕು. ಜೊತೆಗೆ ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಬುಡಕಟ್ಟು ಜನರ ಹಾಡಿಗಳಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗುವಂತೆ ಸರ್ಕಾರ ನೋಡಿಕೊಳ್ಳಲಿ.