ಹಿಮನಾಡಿನ ಪುಟ್ಟ ವಿಮಾನ: ಪೈಲಟ್ ಕೆಲಸಕ್ಕೆ ಪರವಾನಗಿಯೊಂದೇ ಸಾಲದು

ಭೀಮರಾಯನಗುಡಿ: ಕೃಷ್ಣಾ ಕಾಲುವೆ ಯೋಜನೆಯ ಕಚೇರಿಗಳಿಗೆ ಹೆಸರಾದ ಈ ಊರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವ ಉತ್ತರ ಕೆನಡಾದ ಚಳಿಗೂ ಈ ನೆಲಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಆದರೆ 2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಆರಂಭವಾಯಿತು. 2021ರಲ್ಲಿ ಪೈಲಟ್ ತರಬೇತಿ ಶಾಲೆಗಳಿಗಾಗಿ ವಿಮಾನ ನಿಲ್ದಾಣ ಪ್ರಾಧಿಕಾರ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೊಂದಿಗೆ ಕಲಬುರಗಿಯೂ ಸೇರಿತ್ತು. ಹೀಗಾಗಿ ಪೈಲಟ್ ವೃತ್ತಿ ಈಗ ಈ ಭಾಗಕ್ಕೆ ದೂರದ ಮಾತಾಗಿ ಉಳಿದಿಲ್ಲ.

ಪರವಾನಗಿ ಪಡೆದವರಿಗೆಲ್ಲ ದೊಡ್ಡ ಕಂಪನಿಗಳಲ್ಲಿ ಕೆಲಸ ಸಿಗುವುದಿಲ್ಲ. ಆಗ ಕೇಳಿಬರುವ ಸಲಹೆ ಒಂದೇ: ಶೀತ ಪ್ರದೇಶಗಳ ಸಣ್ಣ ವಿಮಾನ ಕಂಪನಿ ಸೇರಿ, ಹಾರಾಟದ ಗಂಟೆಗಳನ್ನು ಗಳಿಸಿಕೊಳ್ಳಿ. ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ಬೇಕು. ಹೊಲ ಅಡವಿಟ್ಟು ಸಾಲ ಮಾಡುವ ಮುನ್ನ ಈ ಸಲಹೆಯ ಹಿಂದಿನ ಲೆಕ್ಕವನ್ನು ಅರಿಯುವುದು ಒಳಿತು.

ಪರವಾನಗಿ ಮೊದಲ ಮೆಟ್ಟಿಲು

ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ವಯಸ್ಸು, 200 ಗಂಟೆಗಳ ಹಾರಾಟ, ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಅಗತ್ಯ. ಹವಾಮಾನ, ದಿಕ್ಕು ಗುರುತಿಸುವಿಕೆ, ವಾಯುಯಾನ ನಿಯಮ ಮುಂತಾದ ವಿಷಯಗಳಲ್ಲಿ ಪರೀಕ್ಷೆಯನ್ನೂ ಪಾಸು ಮಾಡಬೇಕು. ಆದರೆ 200 ಗಂಟೆಗಳ ಅನುಭವದಿಂದ ಮುಖ್ಯ ಪೈಲಟ್ ಆಗಲಾಗದು. ಅಮೆರಿಕದ ಅಲಾಸ್ಕದಲ್ಲಿ ಪ್ರಯಾಣಿಕರಿರುವ ಬಾಡಿಗೆ ವಿಮಾನವನ್ನು ಉಪಕರಣಗಳ ಆಧಾರದಲ್ಲಿ ಮೋಡಗಳ ನಡುವೆ ನಡೆಸುವ ಮುಖ್ಯ ಪೈಲಟ್‌ಗೆ 1,200 ಗಂಟೆಗಳ ಅನುಭವ ಇರಬೇಕೆಂಬುದು ಅಲ್ಲಿನ ನಿಯಮ.

ನೆಲದಿಂದಲೇ ಆರಂಭ

ಕೆನಡಾದ ನುನಾವುತ್ ಪ್ರಾಂತ್ಯದಲ್ಲಿ 25 ಜನವಸತಿಗಳಿವೆ. ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ರೋಗಿ, ಔಷಧ, ಅಂಚೆ, ತರಕಾರಿ ಎಲ್ಲಕ್ಕೂ ವಿಮಾನವೇ ಆಸರೆ. ಆದ್ದರಿಂದ ಇಂತಹ ಪ್ರದೇಶಗಳಲ್ಲಿ ಟ್ವಿನ್ ಆಟರ್, ಕಿಂಗ್ ಏರ್‌ನಂತಹ ಪುಟ್ಟ ವಿಮಾನಗಳ ಕಂಪನಿಗಳು ಉಳಿದುಕೊಂಡಿವೆ.

ಹೊಸಬರಿಗೆ ಅಲ್ಲಿ ಮೊದಲು ಸಿಗುವುದು ಬಹುತೇಕ ನೆಲದ ಕೆಲಸ. ಸಾಮಾನು ತುಂಬುವುದು, ಇಂಧನ ಹಾಕುವುದು, ರೆಕ್ಕೆಯ ಮೇಲಿನ ಹಿಮ ತೆಗೆಯುವುದು ಇವರ ಪಾಲಿಗೆ ಬರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ದುಡಿದ ಬಳಿಕವೇ ಸಹಾಯಕ ಪೈಲಟ್ ಆಸನ ದೊರೆಯುತ್ತದೆ.

ಈ ದುಡಿಮೆ ವ್ಯರ್ಥವಲ್ಲ. ರೆಕ್ಕೆಯ ಮೇಲೆ ತೆಳುವಾದ ಹಿಮದ ಪದರವಿದ್ದರೂ ವಿಮಾನದ ಮೇಲೇಳುವ ಶಕ್ತಿ ಕುಂದುತ್ತದೆ. ತೀವ್ರ ಚಳಿಯಲ್ಲಿ ಎತ್ತರ ತೋರಿಸುವ ಮಾಪಕ ನಿಜಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ. ವಿಮಾನ ಅದಕ್ಕಿಂತ ಕೆಳಗಿರುತ್ತದೆ. ಕಾಂತೀಯ ಧ್ರುವ ಸಮೀಪಿಸಿದಂತೆ ದಿಕ್ಸೂಚಿಯನ್ನು ನಂಬುವಂತಿಲ್ಲ. ಎಂಜಿನ್ನನ್ನು ಮೊದಲೇ ಬೆಚ್ಚಗಾಗಿಸದೆ ಚಾಲೂ ಮಾಡುವುದೂ ಅಪಾಯಕರ. ಇವುಗಳಲ್ಲಿ ಒಂದನ್ನು ಮರೆತರೂ ಪ್ರಾಣಕ್ಕೆ ಸಂಚಕಾರ.

ದೊಡ್ಡ ತೊಡಕು ವೀಸಾ

ಭಾರತೀಯ ಪರವಾನಗಿ ತೋರಿಸಿದ ಮಾತ್ರಕ್ಕೆ ಕೆನಡಾದಲ್ಲಿ ಕೆಲಸ ಸಿಗದು. ಅಲ್ಲಿನ ಪರವಾನಗಿ ಪಡೆಯಬೇಕು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ದುಡಿಯುವ ಕಾನೂನುಬದ್ಧ ಹಕ್ಕು ಇರಬೇಕು. ತರಬೇತಿಗೆ ಸಿಗುವ ವಿದ್ಯಾರ್ಥಿ ವೀಸಾ ಉದ್ಯೋಗದ ಭರವಸೆಯಲ್ಲ. ಶುಲ್ಕ ಕಟ್ಟಿದ ಮೇಲೆ ಇದನ್ನು ಅರಿತರೆ ಸಾಲದ ಹೊರೆಯಷ್ಟೇ ಉಳಿದೀತು.

ದೇಶದೊಳಗಿನ ದಾರಿ

ವೀಸಾದ ಹಂಗಿಲ್ಲದ ದುರ್ಗಮ ಮಾರ್ಗಗಳು ಭಾರತದಲ್ಲೂ ಇವೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಎಚ್‌ಎಎಲ್ ತನ್ನ ಕಾನ್ಪುರ ಘಟಕದಲ್ಲಿ ನಿರ್ಮಿಸಿದ 17 ಆಸನಗಳ ಡಾರ್ನಿಯರ್ ವಿಮಾನವನ್ನು ಅಲಯನ್ಸ್ ಏರ್ 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲ ಪ್ರದೇಶದ ಪಾಸಿಘಾಟ್‌ಗೆ ಹಾರಿಸಿತು. ಅದೇ ವರ್ಷ ಚಳಿಯ ಜೀರೋ ಕಣಿವೆಗೂ ಸೇವೆ ವಿಸ್ತರಿಸಿತು. ಆದರೆ ಇಂತಹ ವಿಮಾನಗಳು ಬೆರಳೆಣಿಕೆಯಷ್ಟು, ಹುದ್ದೆಗಳೂ ಅಷ್ಟೇ.

ಸಣ್ಣ ಕಂಪನಿಗಳ ಆಯುಷ್ಯವೂ ಅನಿಶ್ಚಿತ. 2003ರಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿ ಸಾಮಾನ್ಯರಿಗೂ ವಿಮಾನಯಾನದ ರುಚಿ ಹತ್ತಿಸಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್‌ನೊಂದಿಗೆ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೂ ನಿಂತಿತು.

ಆದ್ದರಿಂದ ಮೊದಲು ವೈದ್ಯಕೀಯ ಪರೀಕ್ಷೆ, ನಂತರ ಉದ್ಯೋಗದ ಹಕ್ಕಿನ ವಿಚಾರಣೆ, ಕೊನೆಗೆ ಶುಲ್ಕ ಎಂಬ ಕ್ರಮವೇ ಸೂಕ್ತ. ಪರವಾನಗಿ ಕೈಸೇರಿದ ಮೇಲೂ ಕನಿಷ್ಠ ಎರಡು ವರ್ಷ ಸಂಬಳವಿಲ್ಲದೆ ಸಾಲದ ಕಂತು ಕಟ್ಟುವ ಶಕ್ತಿ ಮನೆಗಿದೆಯೇ ಎಂಬುದನ್ನು ಲೆಕ್ಕ ಹಾಕಿದ ಬಳಿಕವೇ ಹಿಮನಾಡಿನ ಕನಸು ಕಾಣುವುದು ಜಾಣತನ.