ಖಾಲಿ ಕುರ್ಚಿಯ ಬೆಲೆ ಎಷ್ಟು?

ಸಿಟಿ ಬಸ್ಸಿನ ಕಂಡಕ್ಟರ್ ಬೆಳಿಗ್ಗೆಗೊಂದು ದರ, ಸಂಜೆಗೊಂದು ದರ ಎಂದರೆ ನಾವು ಜಗಳಕ್ಕೇ ನಿಲ್ಲುತ್ತೇವೆ. ಆದರೆ ಸಿನಿಮಾ ಟಿಕೆಟ್ಟಿನ ವಿಷಯದಲ್ಲಿ ಇದನ್ನೇ ಸುಮ್ಮನೆ ಒಪ್ಪಿಕೊಂಡಿದ್ದೇವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಅಥವಾ ಪೀಣ್ಯದ ಸುತ್ತಮುತ್ತಲಿನ ಯಾವುದೇ ಮಲ್ಟಿಪ್ಲೆಕ್ಸ್ ತೆಗೆದುಕೊಳ್ಳಿ. ಅದೇ ಚಿತ್ರ, ಅದೇ ಪರದೆ, ಅದೇ ಕುರ್ಚಿ. ಆದರೆ ಮಂಗಳವಾರ ಬೆಳಗಿನ ದರವೇ ಬೇರೆ, ಶನಿವಾರ ರಾತ್ರಿಯ ದರವೇ ಬೇರೆ. ಹೀಗೇಕೆ? ಇದರ ಹಿಂದಿನ ಲೆಕ್ಕ ತಿಳಿದರೆ ವಿದ್ಯಾರ್ಥಿಯ ಜೇಬಿಗೆ ಹೊಂದುವ ಟಿಕೆಟ್ ಹುಡುಕುವುದು ಕಷ್ಟವಲ್ಲ.

ಕೂಡಿಡಲಾಗದ ಸರಕು

ಟೆಲಿವಿಷನ್ ಕಾರ್ಯಕ್ರಮವನ್ನು ಇನ್ನೂ ಒಬ್ಬರು ಹೆಚ್ಚಾಗಿ ನೋಡಿದರೆ ನಮಗೆ ಖರ್ಚೂ ಇಲ್ಲ, ಜಾಗದ ಕೊರತೆಯೂ ಇಲ್ಲ. ಚಿತ್ರಮಂದಿರ ಹಾಗಲ್ಲ. ಅಲ್ಲಿ ಕುರ್ಚಿಗಳ ಸಂಖ್ಯೆಗೆ ಮಿತಿಯಿದೆ. ಅದಕ್ಕಿಂತ ಮುಖ್ಯವಾಗಿ, ಆ ಕುರ್ಚಿಯನ್ನು ಕೂಡಿಡಲಾಗದು. ಅಂಗಡಿಯಲ್ಲಿ ಇಂದು ಉಳಿದ ಅಕ್ಕಿಯನ್ನು ನಾಳೆ ಮಾರಬಹುದು. ಹತ್ತು ಗಂಟೆಯ ಆಟದಲ್ಲಿ ಖಾಲಿ ಉಳಿದ ಕುರ್ಚಿಯನ್ನು ನಾಳೆ ಮಾರಲಾಗುವುದಿಲ್ಲ. ದೀಪ ಆರಿದ ಕ್ಷಣವೇ ಅದರ ಬೆಲೆ ಸೊನ್ನೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. 200 ಕುರ್ಚಿಗಳ ಒಂದು ಮಂದಿರ. ಊರಿನಲ್ಲಿ 40 ಜನ 400 ರೂಪಾಯಿ ಕೊಡಲು ಸಿದ್ಧ, ಇನ್ನು 60 ಜನ 250 ರೂಪಾಯಿ, ಉಳಿದ 100 ಜನ 120 ರೂಪಾಯಿ ಮಾತ್ರ ಕೊಡಬಲ್ಲರು. ಎಲ್ಲರಿಗೂ 400 ಎಂದರೆ ಗಳಿಕೆ 16,000. ಎಲ್ಲರಿಗೂ 250 ಎಂದರೆ 100 ಜನ ಬರುತ್ತಾರೆ, ಗಳಿಕೆ 25,000. ಎಲ್ಲರಿಗೂ 120 ಎಂದರೆ ಮಂದಿರ ತುಂಬುತ್ತದೆ, ಗಳಿಕೆ 24,000. ಆದರೆ ಒಬ್ಬೊಬ್ಬರಿಂದ ಅವರವರ ಶಕ್ತಿಯಷ್ಟು ಪಡೆದರೆ? 16,000, 15,000 ಮತ್ತು 12,000 ಸೇರಿ 43,000 ರೂಪಾಯಿ! ಮಾಲೀಕನ ಕಣ್ಣು ಈ ಅಂಕಿಯ ಮೇಲೆ. ಇದನ್ನೇ ಬೇಡಿಕೆಗೆ ತಕ್ಕ ದರ ಎನ್ನುತ್ತಾರೆ.

ಇದು ಸಿನಿಮಾದವರ ಆವಿಷ್ಕಾರವೇನಲ್ಲ. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲವಾದ ಮೇಲೆ ವಿಮಾನ ಕಂಪನಿಗಳು ಇದನ್ನು ಕಂಪ್ಯೂಟರಿಗೆ ಕಲಿಸಿದವು. ನಮ್ಮಲ್ಲಿ ರೈಲ್ವೆ ಇಲಾಖೆ 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ ಇಂಥದೇ ಕ್ರಮ ತಂದಿತು: ಶೇ. 10ರಷ್ಟು ಸೀಟು ತುಂಬಿದಂತೆಲ್ಲ ಮೂಲ ದರ ಶೇ. 10ರಷ್ಟು ಏರುತ್ತಾ, ಗರಿಷ್ಠ ಒಂದೂವರೆ ಪಟ್ಟಿನವರೆಗೆ ಹೋಗುತ್ತಿತ್ತು.

ಸಮಯವೆಂಬ ಬೇಲಿ

ಆದರೆ ಯಾರ ಜೇಬಿನಲ್ಲಿ ಎಷ್ಟಿದೆ ಎಂದು ಮಾಲೀಕನಿಗೆ ತಿಳಿಯುವುದು ಹೇಗೆ? 400 ಕೊಡಬಲ್ಲವನೂ 120ರ ಸಾಲಿನಲ್ಲಿಯೇ ನಿಲ್ಲಬಹುದಲ್ಲ! ಆದ್ದರಿಂದ ನಡುವೆ ಒಂದು ಬೇಲಿ ಬೇಕು. ಆ ಬೇಲಿಯೇ ಅನನುಕೂಲ. ಅಗ್ಗದ ಟಿಕೆಟ್ಟನ್ನು ವಾರದ ನಡುವಿನ ಬೆಳಗಿನ ಆಟಕ್ಕೆ, ಮುಂದಿನ ಸಾಲಿಗೆ, ಎರಡನೇ ವಾರಕ್ಕೆ ಇಟ್ಟರೆ, ಪುರುಸೊತ್ತಿಲ್ಲದವನು ತಾನಾಗಿಯೇ ಹೆಚ್ಚು ಕೊಡುತ್ತಾನೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 1973ರಿಂದಲೂ ಒಂದು ಟಿಕೆಟ್ ಕಟ್ಟೆಯಿದೆ. ಅಂದಿನ ನಾಟಕಗಳ ಮಾರಾಟವಾಗದ ಟಿಕೆಟ್ಟುಗಳನ್ನು ಅಲ್ಲಿ ರಿಯಾಯಿತಿಯಲ್ಲಿ ಮಾರುತ್ತಾರೆ. ಸರತಿಯಲ್ಲಿ ನಿಲ್ಲುವ ತಾಳ್ಮೆಯೇ ಅಲ್ಲಿನ ಬೇಲಿ.

ಯಾವ ಬೇಲಿಯನ್ನು ನೀವು ಸುಲಭವಾಗಿ ದಾಟಬಲ್ಲಿರಿ ಎಂದು ನೋಡಿಕೊಳ್ಳುವುದೇ ಅಗ್ಗದ ಟಿಕೆಟ್ಟಿನ ಗುಟ್ಟು. ವಿದ್ಯಾರ್ಥಿಯ ಬಳಿ ಹಣ ಕಡಿಮೆ, ಸಮಯ ಸ್ವಲ್ಪ ಹೆಚ್ಚು. ತರಗತಿ ತಪ್ಪಿಸಿ ಎಂದು ನಾನು ಹೇಳುತ್ತಿಲ್ಲ! ಪರೀಕ್ಷೆ ಮುಗಿದ ವಾರ, ಮಧ್ಯಾಹ್ನವೇ ಕಾಲೇಜು ಬಿಡುವ ದಿನ, ಬೇಸಿಗೆ ರಜೆಯ ಬುಧವಾರ, ಇವೆಲ್ಲ ನಿಮ್ಮ ಕೈಯಲ್ಲಿರುವ ನಾಣ್ಯಗಳು.

ಕೆಲವು ಲೆಕ್ಕಗಳು

ತೆರಿಗೆಯನ್ನು ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಸಿನಿಮಾ ಟಿಕೆಟ್ಟಿಗೆ ಜಿ.ಎಸ್.ಟಿ. ಶೇ. 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 18. ಅಂದರೆ 100ರ ಟಿಕೆಟ್ಟಿಗೆ ನೀವು ಕೊಡುವುದು 105 ರೂಪಾಯಿ, 101ರ ಟಿಕೆಟ್ಟಿಗೆ 119 ರೂಪಾಯಿ 18 ಪೈಸೆ. ಒಂದೇ ರೂಪಾಯಿಯ ಮೆಟ್ಟಿಲಿಗೆ 14 ರೂಪಾಯಿಯ ಜಿಗಿತ!

ಮೊಬೈಲಿನಲ್ಲಿ ಕಾದಿರಿಸಿದರೆ ಟಿಕೆಟ್ಟಿಗೆ ಇಷ್ಟೆಂದು ಸೇವಾ ಶುಲ್ಕ, ಅದರ ಮೇಲೆ ತೆರಿಗೆ ಸೇರುತ್ತವೆ. ನಾಲ್ವರು ಗೆಳೆಯರು ಹೋಗುವಾಗ ಈ ಮೊತ್ತ ಸಣ್ಣದಲ್ಲ. ಮಂದಿರ ಹತ್ತಿರವಿದ್ದರೆ ಕೌಂಟರಿನಲ್ಲೇ ಕೊಳ್ಳಿ. ಮೊಬೈಲನ್ನು ಎಷ್ಟು ಕುರ್ಚಿ ಖಾಲಿಯಿವೆ ಎಂದು ನೋಡಲು ಬಳಸಿ. ‘ಬೇಗ ತುಂಬುತ್ತಿದೆ’ ಎಂಬ ಸೂಚನೆ ಕಂಡು ಗಾಬರಿಯಾಗಬೇಡಿ. ಆಸನಗಳ ನಕ್ಷೆ ತೆರೆದು ನೀವೇ ಎಣಿಸಿ.

ಪ್ರಯಾಣವೂ ಟಿಕೆಟ್ಟಿನ ಭಾಗವೇ. ದೂರದ ಮಂದಿರದಲ್ಲಿ 60 ರೂಪಾಯಿ ಉಳಿಸಿ, ಹೋಗಿಬರಲು 100 ತೆತ್ತರೆ ಲಾಭವೇನು? ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ ಮೆಟ್ರೋ ಬಂದ ಮೇಲೆ ಆಯ್ಕೆಗಳು ಹೆಚ್ಚಿವೆ. ಆದರೆ ರಾತ್ರಿ ಆಟಕ್ಕೆ ಹೋಗುವ ಮುನ್ನ ಕೊನೆಯ ರೈಲಿನ ವೇಳೆ ನೋಡಿಕೊಳ್ಳಿ. ಅದು ತಪ್ಪಿದರೆ ಆಟೋ ದರವೂ ಬೇಡಿಕೆಗೆ ತಕ್ಕಂತೆಯೇ ಇರುತ್ತದೆ.

ಬೆಲೆ ನಿಂತಲ್ಲೇ ನಿಲ್ಲುವ ರಂಗಭೂಮಿಯನ್ನೂ ಮರೆಯಬೇಡಿ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರ, 2011ರಲ್ಲಿ ವೈಟ್‌ಫೀಲ್ಡಿನಲ್ಲಿ ಬಾಗಿಲು ತೆರೆದ ಜಾಗೃತಿ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಇಂಥ ಕಡೆ ಪ್ರತಿ ನಾಟಕದ ದರ ಮೊದಲೇ ಪ್ರಕಟವಾಗಿರುತ್ತದೆ. ಕಲಾಕ್ಷೇತ್ರಕ್ಕೆ ಪೀಣ್ಯದಿಂದ ಹಸಿರು ಮಾರ್ಗದಲ್ಲಿ ನೇರವಾಗಿ ಕೆ.ಆರ್. ಮಾರುಕಟ್ಟೆಗೆ ಬಂದಿಳಿಯಬಹುದು. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುವಾಗ ವಿದ್ಯಾರ್ಥಿಗಳಿಗೆ ಕಡಿಮೆ ದರದ ಪಾಸ್ ಇದೆಯೇ ಎಂದು ವಿಚಾರಿಸಿ. ಕಾಲೇಜಿನ ಗುರುತಿನ ಚೀಟಿ ಜೊತೆಯಲ್ಲಿರಲಿ.

ಕಾಯಬಾರದ ಚಿತ್ರ

ಎರಡನೇ ವಾರಕ್ಕೆ ಕಾಯುವ ಉಪಾಯ ದೊಡ್ಡ ಚಿತ್ರಗಳಿಗೆ ಸರಿ. ಹೊಸಬರ ಸಣ್ಣ ಕನ್ನಡ ಚಿತ್ರಕ್ಕೆ ಅದು ಹೊಂದುವುದಿಲ್ಲ. ಮೊದಲ ಮೂರು ದಿನ ಜನ ಬರದಿದ್ದರೆ ಸೋಮವಾರ ಅದರ ಆಟಗಳೇ ಕಡಿತವಾಗುತ್ತವೆ. ಎಲ್ಲರೂ ಕಾದರೆ ಯಾರೂ ನೋಡುವಂತಿಲ್ಲ. ಅಂಥ ಚಿತ್ರವನ್ನು ಶುಕ್ರವಾರ ಅಥವಾ ಶನಿವಾರದ ಬೆಳಗಿನ ಆಟದಲ್ಲಿ, ಸಾಧ್ಯವಾದರೆ ಒಂದೇ ಪರದೆಯ ಮಂದಿರದಲ್ಲಿ ನೋಡಿ. ಹಣವೂ ಉಳಿದೀತು, ಚಿತ್ರವೂ ಉಳಿದೀತು.

ಇದು ನ್ಯಾಯವೇ?

ಮೊದಲಿನ ಲೆಕ್ಕದಲ್ಲಿ 120 ರೂಪಾಯಿಯ 100 ಜನರಿಗೆ ಒಳಗೆ ಜಾಗ ಸಿಕ್ಕಿತು. ಅದು ಈ ಪದ್ಧತಿಯ ಒಳ್ಳೆಯ ಮುಖ. ಅಗ್ಗವಾದರೆ ಜನ ಬರುತ್ತಾರೆ ಎಂಬುದಕ್ಕೆ ಸಾಕ್ಷಿಯೂ ಇದೆ. 2022ರ ಸೆಪ್ಟೆಂಬರ್ 23ರ ರಾಷ್ಟ್ರೀಯ ಸಿನಿಮಾ ದಿನದಂದು ಟಿಕೆಟ್ಟಿಗೆ 75 ರೂಪಾಯಿ ಎಂದಾಗ ದೇಶಾದ್ಯಂತ ಸುಮಾರು 65 ಲಕ್ಷ ಜನ ಬಂದರೆಂದು ಮಲ್ಟಿಪ್ಲೆಕ್ಸ್ ಸಂಘವೇ ಹೇಳಿತು.

ಇನ್ನೊಂದು ಮುಖವನ್ನೂ ನೋಡಿ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುವ ಕಾರ್ಮಿಕನಿಗೆ ಮಂಗಳವಾರ ಬೆಳಿಗ್ಗೆ ಬಿಡುವಿಲ್ಲ. ಹೆಂಡತಿ ಮಕ್ಕಳೊಂದಿಗೆ ಅವನು ಚಿತ್ರ ನೋಡಬಹುದಾದ ದಿನ ಭಾನುವಾರ. ಅಂದೇ ದರ ಅತಿ ಹೆಚ್ಚು. ಸಮಯದ ಬೇಲಿ ಹಣವಂತನನ್ನು ಮಾತ್ರ ತಡೆಯುವುದಿಲ್ಲ. ಸಮಯವೂ ಹಣವೂ ಎರಡೂ ಇಲ್ಲದವನನ್ನು ಹೊರಗೇ ನಿಲ್ಲಿಸುತ್ತದೆ.

ಗರಿಷ್ಠ ದರಕ್ಕೆ ಮಿತಿ ಬೇಕೆಂಬ ಕೂಗು ಎದ್ದದ್ದು ಈ ಕಾರಣಕ್ಕೇ. ಕರ್ನಾಟಕ ಸರ್ಕಾರ 2017ರಲ್ಲಿ 200 ರೂಪಾಯಿಯ ಮಿತಿ ತಂದಿತಾದರೂ ಅದು ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 12ರಂದು ತೆರಿಗೆ ಬಿಟ್ಟು 200 ರೂಪಾಯಿ ಎಂದು ಮತ್ತೆ ನಿಯಮ ಬಂತು. 75 ಅಥವಾ ಕಡಿಮೆ ಆಸನಗಳ ವಿಶೇಷ ಸೌಲಭ್ಯದ ಪರದೆಗಳಿಗೆ ವಿನಾಯಿತಿ ಇತ್ತು. ಮಲ್ಟಿಪ್ಲೆಕ್ಸ್‌ನವರು ಮೊರೆಹೋದರು, ಸೆಪ್ಟೆಂಬರ್ 23ರಂದು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಅತ್ತಿಬೆಲೆ ಗಡಿಯಾಚೆಯ ತಮಿಳುನಾಡಿನಲ್ಲಿ ಸರ್ಕಾರವೇ ಗರಿಷ್ಠ ದರ ಗೊತ್ತುಪಡಿಸುತ್ತಾ ಬಂದಿದೆ. ಮಿತಿ ಹಾಕಿದರೆ ಭಾನುವಾರದ ಪ್ರೇಕ್ಷಕನಿಗೆ ಲಾಭ. ಆದರೆ ಆ ನಷ್ಟವನ್ನು ಮಾಲೀಕ ವಾರದ ದಿನಗಳ ರಿಯಾಯಿತಿ ಕಡಿಮೆ ಮಾಡಿ, ಅಥವಾ ಪಾಪ್‌ಕಾರ್ನ್ ಬೆಲೆ ಏರಿಸಿ ತುಂಬಿಕೊಳ್ಳಬಹುದು. ಎರಡೂ ಕಡೆ ತೂಗಿ ನೋಡಬೇಕಾದ ಪ್ರಶ್ನೆಯಿದು.

ನೀವೇ ಒಂದು ಪ್ರಯೋಗ ಮಾಡಿ. ಒಂದು ಚಿತ್ರ, ಒಂದು ಮಂದಿರ, ಒಂದು ಸಾಲು ಆರಿಸಿಕೊಳ್ಳಿ. ಏಳು ದಿನ, ದಿನಕ್ಕೆ ಮೂರು ಆಟಗಳ ದರವನ್ನೂ ಖಾಲಿ ಕುರ್ಚಿಗಳ ಸಂಖ್ಯೆಯನ್ನೂ ಬರೆದಿಟ್ಟು ಗ್ರಾಫ್ ಎಳೆಯಿರಿ. ಗೆರೆ ಎಲ್ಲಿ ಇಳಿಯುತ್ತದೋ ಅಲ್ಲಿ ನಿಮ್ಮ ಟಿಕೆಟ್ ಇದೆ. ಎಲ್ಲಿ ಏರುತ್ತದೋ ಅಲ್ಲಿ ಯಾರು ಕುಳಿತಿರುತ್ತಾರೆ, ಯಾರು ಬರಲಾಗದೆ ಮನೆಯಲ್ಲೇ ಉಳಿದಿದ್ದಾರೆ ಎಂದೂ ಒಮ್ಮೆ ಯೋಚಿಸಿ.