ರಿಪೋರ್ಟ್‌ನಲ್ಲಿ ‘ಪಾಸಿಟಿವ್’ ಎಂದಿದ್ದರೆ ಕೆಟ್ಟ ಸುದ್ದಿಯೇ?

ಒಂದು ಸಂಜೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಚಿಕ್ಕಮ್ಮನ ರಿಪೋರ್ಟ್‌ನ ಫೋಟೋ ಬಂತು. ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಮೊದಲೇ ಗೊತ್ತಾಗಿತ್ತು. ಈ ಹೊಸ ರಿಪೋರ್ಟ್‌ನಲ್ಲಿ ‘ಇಆರ್ ಪಾಸಿಟಿವ್’ ಎಂದಿತ್ತು. “ಅಯ್ಯೋ, ಇದೂ ಪಾಸಿಟಿವ್ ಬಂತಾ?” ಎಂದು ಯಾರೋ ಬರೆದರು. ಅಳುವ ಇಮೋಜಿಗಳು ಸಾಲುಗಟ್ಟಿದವು. ಚಿಕ್ಕಮ್ಮ ಅವತ್ತು ರಾತ್ರಿ ಊಟ ಮಾಡಲಿಲ್ಲ. ಮರುದಿನ ಡಾಕ್ಟರ್ ಹೇಳಿದ್ದೇ ಬೇರೆ: “ಇದು ಸಮಾಧಾನದ ವಿಷಯ. ಈ ಬಗೆಯ ಕ್ಯಾನ್ಸರ್‌ಗೆ ಮಾತ್ರೆಯ ಚಿಕಿತ್ಸೆಯೂ ಇದೆ.”

ಒಂದು ಪದ, ಹಲವು ಅರ್ಥ

‘ಪಾಸಿಟಿವ್’ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ‘ಇಡು’, ‘ನೆಲೆಗೊಳಿಸು’ ಎಂಬ ಅರ್ಥ. ಅದರಿಂದ ‘ಖಚಿತ’ ಎಂಬ ಅರ್ಥ ಬೆಳೆಯಿತು. ಇಂಗ್ಲಿಷ್‌ನಲ್ಲಿ ‘ಐ ಆ್ಯಮ್ ಪಾಸಿಟಿವ್’ ಎಂದರೆ ‘ನನಗೆ ಖಚಿತವಾಗಿ ಗೊತ್ತು’ ಎಂದು. ‘ಪ್ರೂಫ್ ಪಾಸಿಟಿವ್’ ಎಂದರೆ ಅಲ್ಲಗಳೆಯಲಾಗದ ಸಾಕ್ಷಿ. ‘ಥಿಂಕ್ ಪಾಸಿಟಿವ್’ ಎಂದಾಗ ಮಾತ್ರ ಅದು ‘ಒಳ್ಳೆಯದನ್ನೇ ಯೋಚಿಸು’ ಎಂದಾಗುತ್ತದೆ. ನಮ್ಮ ಮಾತಿನಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಈ ಕೊನೆಯ ಅರ್ಥ. 2020ರಲ್ಲಿ ಕೊರೊನಾ ಬಂದ ಮೇಲೆ ಅದೇ ಪದ ಕೇಳಿದರೆ ಎದೆ ಝಲ್ಲೆನ್ನುವಂತಾಯಿತು.

ಲ್ಯಾಬ್‌ನ ಅರ್ಥ ಯಾವುದು?

ಲ್ಯಾಬ್‌ನವರಿಗೆ ಪಾಸಿಟಿವ್ ಎಂದರೆ ‘ಹುಡುಕಿದ್ದು ಸಿಕ್ಕಿದೆ’, ನೆಗೆಟಿವ್ ಎಂದರೆ ‘ಸಿಕ್ಕಿಲ್ಲ’. ಇಷ್ಟೇ. ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಏನನ್ನು ಹುಡುಕಿದರು ಎನ್ನುವುದರ ಮೇಲೆ ನಿಂತಿದೆ.

• ಡೆಂಗಿ ಎನ್‌ಎಸ್1 ಪಾಸಿಟಿವ್: ರಕ್ತದಲ್ಲಿ ಡೆಂಗಿ ವೈರಸ್‌ನ ಪ್ರೋಟೀನ್ ಸಿಕ್ಕಿದೆ. ಚಿಕಿತ್ಸೆ ಬೇಕು.
• ರಕ್ತದ ಗುಂಪು ‘ಒ ಪಾಸಿಟಿವ್’: ಕೆಂಪು ರಕ್ತಕಣಗಳ ಮೇಲೆ ಆರ್‌ಎಚ್ ಎಂಬ ಅಂಶ ಇದೆ. ಇದು ರೋಗವಲ್ಲ.
• ಇಆರ್ ಪಾಸಿಟಿವ್: ಕ್ಯಾನ್ಸರ್ ಕಣಗಳು ಈಸ್ಟ್ರೋಜನ್ ಹಾರ್ಮೋನಿನ ನೆರವಿನಿಂದ ಬೆಳೆಯುತ್ತಿವೆ. ಆ ನೆರವನ್ನು ತಡೆಯುವ ಮಾತ್ರೆಗಳಿವೆ. ‘ಟ್ರಿಪಲ್ ನೆಗೆಟಿವ್’ ಆದರೆ ಈ ಮಾತ್ರೆಗಳು ಕೆಲಸಕ್ಕೆ ಬರುವುದಿಲ್ಲ.
• ಮಾರ್ಜಿನ್ ನೆಗೆಟಿವ್: ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಅಂಚಿನಲ್ಲಿ ಕ್ಯಾನ್ಸರ್ ಕಣ ಕಂಡಿಲ್ಲ. ಇದು ಒಳ್ಳೆಯ ಸುದ್ದಿ.

ಹಾಗಾದರೆ ರಿಪೋರ್ಟೇ ಕೊನೆಯ ಮಾತೇ?

ಅಲ್ಲ. ರೋಗ ಇಲ್ಲದಿದ್ದರೂ ಕೆಲವೊಮ್ಮೆ ಪಾಸಿಟಿವ್ ಬರಬಹುದು. ಎಚ್‌ಐವಿಯ ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಬೇರೆ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳುವುದು ಇದಕ್ಕೇ. ರೋಗ ಇದ್ದರೂ ನೆಗೆಟಿವ್ ಬರಬಹುದು. ಡೆಂಗಿ ಜ್ವರ ಶುರುವಾಗಿ ಒಂದು ವಾರ ಕಳೆದ ಮೇಲೆ ಎನ್‌ಎಸ್1 ನೆಗೆಟಿವ್ ಬಂದರೆ ಡೆಂಗಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ‘ನೆಗೆಟಿವ್ ಬಂತಲ್ಲ’ ಎಂದು ಡಾಕ್ಟರ್ ಬಳಿ ಹೋಗದೆ ಕೂರುವುದು ಅಪಾಯ.

ಫಾರ್ವರ್ಡ್ ಮಾಡುವ ಮುನ್ನ

ರಿಪೋರ್ಟ್ ಕೈಗೆ ಬಂದಾಗ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ: ಈ ಪರೀಕ್ಷೆಯಲ್ಲಿ ಹುಡುಕಿದ್ದು ಏನು? ಮುಂದೆ ಏನು ಮಾಡಬೇಕು? ಉತ್ತರ ಸಿಗುವ ತನಕ ಗ್ರೂಪ್‌ಗೆ ಹಾಕಬೇಡಿ. ಬೇರೆಯವರ ರಿಪೋರ್ಟ್ ಆದರೆ, ಅವರನ್ನು ಕೇಳದೆ ಹಾಕಲೇಬೇಡಿ.

ಚಿಕ್ಕಮ್ಮ ಈಗ ದಿನಾ ತಪ್ಪದೆ ಆ ಮಾತ್ರೆ ತಗೊಳ್ತಾರೆ. ಅವತ್ತಿನ ಊಟ ಬಿಟ್ಟದ್ದು ಮಾತ್ರ ಒಂದು ಪದದ ತಪ್ಪು ಅರ್ಥಕ್ಕೆ.